ಎಡಗಡೆ ಸ್ಟ್ಯಾಂಡಿನ ಇಲಿಗಳು

ಜೂನ್ ೩, ಸೋಮವಾರ
ಎಡಗಡೆ ಸ್ಟ್ಯಾಂಡಿನ ನಲವತ್ತು ಇಲಿ ಪೆಟ್ಟಿಗೆ ಮುಗಿಸಿದೆ. ಮರದ ಹೊಟ್ಟು ಬದಲಿಸಿ, ಬಾಟಲಿ ತುಂಬಿ. ಬಲಗಡೆಯದು ಜೊತೆ ಕೆಲಸದ ಹುಡುಗ ಇಕ್ಕಳನ ಪಾಲು. ಇಲಿಗಳನ್ನು ಬಾಲ ಹಿಡಿದು ಎತ್ತುತ್ತಾನೆ, ಅದಕ್ಕೇ ನಾನಿಟ್ಟ ಹೆಸರು. ನಾನು ಬೊಗಸೆಯಲ್ಲಿ ಎತ್ತುವುದು.
"ನಿಮ್ಮ ಥರ ಮುದ್ದು ಮಾಡ್ತಾ ಕೂತ್ರೆ ನಾನು ಮನೆಗೆ ಹೋಗೋದು ನಾಡಿದ್ದು ಅಜ್ಜಿ" ಅಂದ.
"ಬೇಗ ಹೋಗಿ ಏನು ಕಡಿದು ಕಟ್ಟೆ ಹಾಕ್ತೀಯಪ್ಪ" ಅಂದೆ.
ಈ ಲ್ಯಾಬ್ ಕೆಲಸಕ್ಕೆ ಸೇರಿಸಿದವಳು ಮೊಮ್ಮಗಳೇ. ಮನಸ್ಸು ಮಂಕಾದವರಿಗೆ ಹೊಸ ಔಷಧಿ ಅವಳದು. ಎಡಗಡೆಯವಕ್ಕೆ ಔಷಧಿ, ಬಲಗಡೆಯವಕ್ಕೆ ಬರೀ ನೀರು. ನಾಲ್ಕು ವರ್ಷದ ಪಿಎಚ್‌ಡಿ. ೨೮ಕ್ಕೆ ಪೇಪರ್ ಕಳಿಸಬೇಕಂತೆ.

ಜೂನ್ ೬, ಗುರುವಾರ
ಟೆಸ್ಟ್ ನೋಡಿದೆ, ಬಾಗಿಲ ಗಾಜಿನಿಂದ. ಗಾಜಿನ ಕೊಳಗದಲ್ಲಿ ನೀರು, ಇಲಿಯನ್ನು ಬಿಡುತ್ತಾರೆ, ಆರು ನಿಮಿಷ. ಈಜುತ್ತಿದ್ದರೆ ಸರಿ. ಸುಮ್ಮನೆ ತೇಲಿದರೆ ಕೈಚೆಲ್ಲಿತು ಅಂತ ಲೆಕ್ಕ. ಇನ್ನೊಂದು, ಎತ್ತರದಲ್ಲಿಟ್ಟ ಹಲಗೆ, ಲೆಕ್ಕದ ಕೂಡಿಸೋ ಗುರುತಿನ ಆಕಾರದ್ದು. ಎರಡು ತೋಳಿಗೆ ಗೋಡೆ, ಎರಡು ಬಯಲು. ಅಂಜುವವು ಗೋಡೆ ಬಿಟ್ಟು ಬರುವುದಿಲ್ಲ.
ನನ್ನವು ಈಜಿದವು, ಬಯಲಿಗೂ ಬಂದವು. ಇಕ್ಕಳನವು ಮೂಲೆ ಹಿಡಿದವು.
ಇಷ್ಟು ಸಲೀಸಾಗಿ ಯಾವ ಔಷಧಿ ಕೆಲಸ ಮಾಡಿದ್ದನ್ನು ಕಂಡಿದ್ದೇನೆ... ನನ್ನ ಮಂಡಿಗೆ ಹತ್ತು ವರ್ಷದಿಂದ ನುಂಗುತ್ತಿದ್ದೇನೆ. ಎಡಗಡೆಯವಕ್ಕೆ ಈಜೋ ನೀರು ಬೆಚ್ಚಗಿಟ್ಟಿದ್ದಾಳೋ ಏನೋ. ಅವಳು ಆಚೆ ಹೋದಾಗ ಬೆರಳದ್ದಿ ನೋಡಿದೆ. ಎರಡೂ ಒಂದೇ.
ಸ್ವಂತ ಮೊಮ್ಮಗಳ ಮೇಲೇ ಅನುಮಾನ. ನಾಚಿಕೆಯಾಯಿತು. ಆದರೂ ಅನುಮಾನ ಹೋಗಲಿಲ್ಲ.

ಜೂನ್ ೧೩
ಹೋದ ಶುಕ್ರವಾರ ಹೊಸ ಇಲಿ ಬಂದಿವೆ, ಎರಡೂ ಕಡೆಗೆ. ಕೊನೆಯ ಸಲ ಟೆಸ್ಟ್ ಮಾಡಲು. ಔಷಧಿ ನಾಳೆಯಿಂದ.
ಇನ್ನೂ ಒಂದು ತೊಟ್ಟು ಬಿದ್ದಿಲ್ಲ. ಆದರೂ ನನ್ನವು ಕೈ ಇಟ್ಟರೆ ತಾವೇ ಹತ್ತುತ್ತವೆ. ಇಕ್ಕಳನವು ಮುಚ್ಚಳ ತೆಗೆದರೆ ಹೊಟ್ಟಿನೊಳಗೆ ಹೂತುಕೊಳ್ಳುತ್ತವೆ.
ಹಾಗಾದರೆ ಧೈರ್ಯ ಎಲ್ಲಿಂದ ಬಂತು?
ಕೈ ನೋಡಿಕೊಂಡೆ.

ಜೂನ್ ೧೪
ಇಕ್ಕಳನಿಗೆ ಸೊಂಟನೋವಿನ ನೆಪ ಹೇಳಿ ಜಾಗ ಬದಲಿಸಿಕೊಂಡೆ. ಎಡಗಡೆ ಅವನಿಗೆ, ಬಲಗಡೆ ನನಗೆ. "ಅಲ್ಲಿ ಬಗ್ಗೋದೇನು ಕಮ್ಮಿನಾ?" ಅಂದ. ಕೇಳಿಸದವಳ ಹಾಗೆ ಬಾಟಲಿ ತುಂಬತೊಡಗಿದೆ. ಮೊಮ್ಮಗಳಿಗೂ ಹೇಳಿಲ್ಲ. ಕಳ್ಳಿಯ ಹಾಗೆ ಓಡಾಡುತ್ತಿದ್ದೇನೆ.

ಜೂನ್ ೨೭, ಗುರುವಾರ, ಸಂಜೆ
ಎಲ್ಲ ತಿರುಗುಮುರುಗು. ಔಷಧಿ ಕುಡಿದವು ಮೂಲೆ ಸೇರಿವೆ, ಬರೀ ನೀರು ಕುಡಿದವು ಬಯಲಲ್ಲಿ ಓಡಾಡಿವೆ.
ಮೊಮ್ಮಗಳು ಊಟದ ತಟ್ಟೆ ಮುಟ್ಟಲಿಲ್ಲ. "ಈ ಬ್ಯಾಚ್ ಔಷಧಿನೇ ಕೆಟ್ಟಿರ್ಬೇಕು. ಇದನ್ನ ಬಿಟ್ಟು ಹಳೇದನ್ನಷ್ಟೇ ಹಾಕಿ ಕಳಿಸ್ತೀನಿ."
"ಔಷಧಿ ಕೆಟ್ಟಿಲ್ಲ ಕಣೇ. ಕೈ ಬದಲಾಯ್ತು." ಎಲ್ಲ ಹೇಳಿದೆ. ಇಲಿಯನ್ನು ಎತ್ತುವ ಹಾಗೆ ಒಂದು ಬಟ್ಟಲನ್ನು ಬೊಗಸೆಯಲ್ಲಿ ಎತ್ತಿ ತೋರಿಸಿದೆ.
ನನ್ನ ಕೈಯನ್ನೇ ನೋಡಿದಳು. ಆಮೇಲೆ ಕೇಳಿದ್ದು ಒಂದೇ — "ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ದೀಯಾ ಅಜ್ಜಿ?"
ಇಲ್ಲ ಅಂದೆ. ಉಸಿರು ಬಿಟ್ಟಳು.
ಆ ಉಸಿರು ನನಗೆ ಹಿಡಿಸಲಿಲ್ಲ.

ಜೂನ್ ೨೮, ಬೆಳಿಗ್ಗೆ ೭
ಕಂಪ್ಯೂಟರ್ ಮುಂದೆ ಕೂತಿದ್ದಾಳೆ. ನಾನು ಒಲೆಯ ಹತ್ತಿರ, ಬೆನ್ನಿಗೆ ಕಣ್ಣು ಬಂದವಳ ಹಾಗೆ. ನನ್ನ ಓದಿಗೆ ಪಿಎಚ್‌ಡಿ ಅಂದರೆ ಏನು ತಿಳಿಯಬೇಕು — ಮೂರನೇ ಕ್ಲಾಸು. ಆದರೆ ನಾಳೆ ಆ ಔಷಧಿ ಗುಳಿಗೆಯಾಗಿ ಬಂದರೆ, ನಂಬಿಕೊಂಡು ಯಾರದೋ ಮನೆಯ ಹೆಂಗಸು ದಿನವೂ ನುಂಗುತ್ತಾಳೆ, ಇವತ್ತು ಎದ್ದು ಕೂರುತ್ತೇನೆ ನಾಳೆ ಎದ್ದು ಕೂರುತ್ತೇನೆ ಅಂತ. ಅಷ್ಟು ತಿಳಿಯುತ್ತದೆ.
ಪೇಪರ್ ಕಳಿಸಿದರೆ ಲ್ಯಾಬಿನ ದೊಡ್ಡ ಸಾಹೇಬರ ಬಾಗಿಲು ನಾನೇ ತಟ್ಟುತ್ತೇನೆ. ಮೊಮ್ಮಗಳಾದರೇನು.

೭.೪೦
ಕುರ್ಚಿ ಸರಿದ ಸದ್ದು. ಮುಗಿಯಿತೋ...
ಅಡುಗೆಮನೆ ಬಾಗಿಲಿಗೆ ಬಂದಳು. ಕಣ್ಣು ಕೆಂಪು. ಕೈಯಲ್ಲಿ ಖಾಲಿ ಹಾಳೆ, ಪೆನ್ನು.
"ಸಾರ್‌ಗೆ ಫೋನ್ ಮಾಡಿದೆ, ಪೇಪರ್ ಕಳಿಸಲ್ಲ ಅಂತ. ಬೈದ್ರು. ಮೊದಲಿಂದ ಮಾಡ್ಬೇಕು. ಎಡಗಡೆ ನೀನು ಯಾವತ್ತಿಂದ ಇದ್ದೆ, ಸರಿಯಾಗಿ ಹೇಳು. ಆಮೇಲೆ ನಿನ್ನ ಇಕ್ಕಳಂಗೂ ನೀನೇ ಕಲಿಸ್ಬೇಕು."
ಅವನಿಗೆ ಕಲಿಸುವುದಕ್ಕಿಂತ ಇಲಿಗೇ ಕಲಿಸಬಹುದು ಅಂದೆ. ನಗಲಿಲ್ಲ. ಕಾಯುತ್ತಾ ನಿಂತಿದ್ದಾಳೆ. ಈ ಡೈರಿಯ ಹಿಂದಿನ ಹಾಳೆ ತಿರುವಿ ನೋಡುತ್ತಿದ್ದೇನೆ. ಫೆಬ್ರವರಿ ಹನ್ನೆರಡು... ಅಲ್ಲ, ಅವತ್ತು ನಾನು ಬರೀ ಬಾಟಲಿ ತೊಳೆದದ್ದು, ಇಲಿ ಮುಟ್ಟಿದ್ದು ಮಾರನೆಯ ದಿನ. "ಹದಿಮೂರು, ಬರ್ಕೋ" ಅಂದೆ.