ಕಾಲುವೆಯಲ್ಲಿ ಹಿಡಿದ ಮೀನಖಂಡ

ಎಲವೋ ಕರಿಬಸವ,

ಇಂದು ಸಿರಿಗೇರಿ ಕಾಲುವೆಯ ನಡುನೀರಿನಲ್ಲಿ ನನ್ನ ಮೀನಖಂಡ ಕಲ್ಲಿನಂತೆ ಹಿಡಿದುಕೊಂಡಿತು. ‘ಸತ್ತೆನೋ, ಕಾಪಾಡಿರೋ!’ ಎಂದು ಕೂಗಿದೆ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೊನ್ನೂರಮ್ಮ ನಕ್ಕಳು: ‘ನೋಡ್ರಮ್ಮಾ, ನಮ್ಮ ದುರ್ಯೋಧನ ನೀರಾಗೂ ಪಾರ್ಟ್ ಮಾಡಾಕತ್ಯಾನ!’ ಚಪ್ಪಾಳೆ ಬೇರೆ!

ಅಂಗಾತ ತೇಲಿ, ಕಾಲ್ಬೆರಳುಗಳನ್ನು ಮೊಣಕಾಲಿನತ್ತ ಎಳೆದುಕೊಂಡ ಮೇಲೆ ಸೆಳೆತ ಬಿಟ್ಟಿತು. ಅದನ್ನು ಕಲಿಸಿದವನು ನೀನೇ. ‘ಮೊದ್ಲು ನೀರು ಕುಡಿಯಲೇ, ಕಾಲು ಸಡ್ಲ ಮಾಡ್ಕೊ, ಆಮ್ಯಾಲೆ ಇಳಿ’ ಎಂದು ಪ್ರತಿಸಲ ತಡೆಯುತ್ತಿದ್ದೆ. ಈಗ ತಡೆಯುವವರಿಲ್ಲ, ಸುಮ್ಮನೆ ಹಾರಿಬಿಡುತ್ತೇನೆ.

ನನ್ನ ಪಾರ್ಟು ಬರೀ ಒದರಾಟವೆಂದು ನೀನು ಊರಿಗೆಲ್ಲ ಸಾರಿ, ನಮ್ಮೂರ ನಾಟಕ ಬಿಟ್ಟು ಬಳ್ಳಾರಿಯ ನಾಟಕ ತಂಡ ಸೇರಿಕೊಂಡೆ. ಆ ಒದರಾಟದಲ್ಲಿ ಯಾವುದು ಪಾರ್ಟು, ಯಾವುದು ಪ್ರಾಣಸಂಕಟ ಎಂದು ಗುರುತಿಸುವ ಕಿವಿ ನಿನ್ನೊಬ್ಬನದೇ ಇತ್ತು.

ಕುಂಟುತ್ತ ಬಂದದ್ದು ಕಂಡು ಹೆಂಡತಿ ಕೇಳಿದಳು. ಜಾರಿ ಬಿದ್ದೆ ಎಂದೆ. ನೀನು ಎದುರಿಗೆ ಸಿಕ್ಕು ಕೇಳಿದರೂ ಅಷ್ಟೇ ಹೇಳುತ್ತೇನೆ. ಈ ಕಾಗದವನ್ನಂತೂ ಕಳಿಸುವುದಿಲ್ಲ.