ಹಣ್ಣಾದದ್ದು ಮೊದಲು

ಪೂಜ್ಯ ಅತ್ತೆಯವರಿಗೆ,

ನಾಳೆ ಮನೆಗೆ ಬರುವವಳು ಇವತ್ತು ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಗಬೇಡಿ. ಇದನ್ನು ನಾನೇ ತಂದು ನಿಮ್ಮ ಕೈಗೆ ಕೊಡುತ್ತೇನೆ. ಎದುರಿಗೆ ಹೊಗಳಿದರೆ "ಸಾಕು ಸುಮ್ನಿರು, ಒಲೆ ಮೇಲೆ ಹಾಲಿಟ್ಟಿದ್ದೀನಿ" ಅಂತ ಎದ್ದು ಹೋಗುವವರು ನೀವು.

ಅಮ್ಮನ ಮಂಡಿ ಸೋತು, ಅರಕಲಗೂಡಿನ ಮಹಡಿ ಮೇಲಿನ ಬಾಡಿಗೆ ಮನೆಯಿಂದ ಇಳಿಯುವುದೇ ಕಷ್ಟವಾದಾಗ, ಅವಳನ್ನು ಮಾದಾಪುರಕ್ಕೆ ಕರೆತರೋಣ ಎಂದು ಮೊದಲು ಹೇಳಿದವರು ನೀವು, ನಿಮ್ಮ ಮಗನಲ್ಲ. ಆದರೆ ನಮ್ಮಲ್ಲಿ ಮೆಟ್ಟಿಲು ಹತ್ತದೆ ಮಲಗಬಹುದಾದ ಕೋಣೆ ಎಂದರೆ ಮಾವನವರದೊಂದೇ. ಅವರು ಹೋದ ಮೇಲೆ ಅಲ್ಲಿ ಒಂದು ಗುಂಡುಸೂಜಿಯೂ ಕದಲಿರಲಿಲ್ಲ. ಷರ್ಟುಗಳು, ಜರ್ಕಿನ್ನು, ಗಂಬೂಟು, ಕೆಟ್ಟ ಟಾರ್ಚುಗಳು, ಅವರ ಬೆತ್ತದ ಕುರ್ಚಿ. ಆ ಕೋಣೆಯನ್ನು ಕೇಳುವ ಧೈರ್ಯ ನನಗಿರಲಿಲ್ಲ.

ನಿಮ್ಮ ಮೊಮ್ಮಗಳು ನಿಶ್ಮಿತಾಗೆ ಇತ್ತು. ಬೇಡದ ಸಾಮಾನು ವಿಂಗಡಿಸುವುದು ಹೇಗೆಂದು ಫೋನಿನ ವಿಡಿಯೋದಲ್ಲಿ ತೋರಿಸಿದಂತೆ ಎಲ್ಲವನ್ನೂ ಎಳೆದು ತಂದು ನಡುಮನೆಯಲ್ಲಿ ರಾಶಿ ಹಾಕಿದಳು. "ಅಜ್ಜಿ, ಒಂದೊಂದೇ ಕೈಲಿ ಹಿಡ್ಕೊಂಡ್ ನೋಡಿ. ಖುಷಿ ಆದ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ಬಿಸಾಕಿ" ಅಂದಳು. ನೀವು ಒಂದು ಷರ್ಟು ಎತ್ತಿಕೊಂಡು, "ಅಳು ಬಂದ್ರೆ ಏನ್ ಮಾಡ್ಬೇಕವ್ವ?" ಎಂದು ಕೇಳಿದಿರಿ. ಸಂಜೆಯೊಳಗೆ ಎಲ್ಲವೂ ಮತ್ತೆ ಕೋಣೆ ಸೇರಿತು. ಅಮ್ಮ ಬರುವುದು ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮಾರನೇ ದಿನ ತೋಟದಲ್ಲಿ ಅರೇಬಿಕಾ ಕಾಫಿಯ ಮೊದಲ ಕುಯ್ಲು ಮುಗಿಸಿ ಬಂದವರು, ಹಣ್ಣು ತುಂಬುವ ಸೊಂಟದ ಚೀಲವನ್ನೂ ಬಿಚ್ಚದೆ ನೇರ ಆ ಕೋಣೆಗೆ ಹೋದಿರಿ. "ಒಂದೇ ಸಲಕ್ಕೆ ಗಿಡ ಬೋಳು ಮಾಡೋಕೆ ಇದೇನು ಕೊನೇ ಕುಯ್ಲಾ? ಹಣ್ಣಾಗಿರೋದ್ನ ಮಾತ್ರ ತೆಗಿಯೋಣ. ಕಾಯಿಗೆ ಕೈ ಹಾಕ್ಬೇಡಿ. ಆಮೇಲೆ ಇನ್ನೊಂದು ಸುತ್ತು ಬಂದ್ರಾಯ್ತು" ಅಂದಿರಿ. ಕೆಟ್ಟ ಟಾರ್ಚುಗಳು, ಅವಧಿ ಮುಗಿದ ಮಾತ್ರೆಗಳು ನಿಮ್ಮ ಚೀಲಕ್ಕೆ ಬಿದ್ದವು. ಆವತ್ತಿಗೆ ಅಷ್ಟೇ.

ಮುಂದಿನ ಸುತ್ತಿನಲ್ಲಿ ಗಂಬೂಟು, ಜರ್ಕಿನ್ನು ಹಣ್ಣಾದವು. ಮಾವನವರ ಜೊತೆ ತೋಟದಲ್ಲೇ ದುಡಿದು ಹಣ್ಣುಹಣ್ಣಾದ ಆಳು ಜವರ ಆ ಜರ್ಕಿನ್ ತೊಟ್ಟು ಅಂಗಳಕ್ಕೆ ಬಂದ ಬೆಳಿಗ್ಗೆ, ಜಗಲಿಯಲ್ಲಿ ನಿಂತು ನೋಡಿದಿರಿ. "ಕೈ ಉದ್ದ ಆಯ್ತಲ್ಲೋ, ಮಡಿಚ್ಕೋ" ಅಂದು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಆಮೇಲೆ ಷರ್ಟುಗಳು ಹೋದವು. ಕುರ್ಚಿ ಮಾತ್ರ ಹೋಗಲಿಲ್ಲ. ಪ್ರತಿ ಸಲವೂ ಅದರ ಬೆನ್ನು ಸವರಿ, "ಇದಿನ್ನೂ ಕಾಯಿ" ಎನ್ನುತ್ತಿದ್ದಿರಿ. ಹರಿದ ಬೆತ್ತದ ಆ ಕುರ್ಚಿಯ ಮೇಲೆ ನಾವು ಯಾರೂ ಕೂತದ್ದಿಲ್ಲ. ನಾನು ಧೂಳು ಒರೆಸಿ ಅಲ್ಲೇ ಬಿಡುತ್ತಿದ್ದೆ.

ಇನ್ನು ಇಲ್ಲಿ ಅರಕಲಗೂಡಿನ ಕಥೆ. ಕರೆದೊಯ್ಯಲು ನಾನು ಬಂದಾಗಿನಿಂದ ಅಮ್ಮ ಒಂದು ಲೋಟವನ್ನೂ ಕಟ್ಟಲು ಬಿಟ್ಟಿರಲಿಲ್ಲ. "ಬೀಗರ ಮನೇಗೆ ಹೋಗಿ ನಾನೆಲ್ಲಿ ಕೂತ್ಕೊಳ್ಳಲೇ?" ಎಂಬುದೊಂದೇ ಹಾಡು. ಕೋಣೆ ಖಾಲಿಯಾಗಿದೆ ಎಂದರೂ ಕೇಳಲಿಲ್ಲ. ಕೋಣೆ ಬೇರೆ, ಜಾಗ ಬೇರೆ ಎಂದು ಅವಳಿಗೆ ಗೊತ್ತು.

ಇವತ್ತು ಮಧ್ಯಾಹ್ನ ನೀವು ಫೋನ್ ಮಾಡಿದಾಗ ಸ್ಪೀಕರ್ ಹಾಕಿದ್ದೆ, ನಿಮಗೆ ಹೇಳಿರಲಿಲ್ಲ. "ಶರ್ಮಿಳಾ, ಸೋಮವಾರಪೇಟೆಯಿಂದ ಆಳು ಕರೆಸಿ ಕುರ್ಚಿಗೆ ಹೊಸಾ ಬೆತ್ತ ಹಾಕಿಸ್ದೆ. ಕಿಟಕಿ ಹತ್ರ ಇಟ್ಟಿದ್ದೀನಿ. ನಿಮ್ಮಮ್ಮ ಅದ್ರಲ್ಲೇ ಕೂರ್ಲಿ" ಅಂದಿರಿ. ಅತ್ತೆ, ನಿಮ್ಮಷ್ಟು ದೊಡ್ಡ ಮನಸ್ಸಿನವರನ್ನು ನಾನು ಕಂಡಿಲ್ಲ.

ಅದನ್ನು ಕೇಳಿ ಅಮ್ಮ ಗೋಡೆ ಹಿಡಿದು ಎದ್ದಳು. ಬೀರು ತೆಗೆದು, ತನ್ನ ಸೀರೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದಳು.

ಇನ್ನೂ ಹತ್ತಾರು ಕುಯ್ಲು ನಿಮ್ಮ ಜೊತೆ ಕಾಣುವಂತೆ ನನ್ನನ್ನು ಹರಸಿ.

ನಿಮ್ಮ ಸೊಸೆ,
ಶರ್ಮಿಳಾ