ಗ್ಲಾನೂಜ್ ಮರಳಿ ಬಂದ ದಿನ

ಪೋರ್ಸ್‌ಗ್ವೆನ್, ಬ್ರೆಟನ್ ಕರಾವಳಿ
೧೮೧೦, ಅಕ್ಟೋಬರ್ ೧೪, ಭಾನುವಾರ

ನನ್ನ ಪ್ರೀತಿಯ ಗುಲ್ವೆನ್ ಅವರಿಗೆ,

ಹೇಗಿದ್ದೀರಿ? ಕೆಮ್ಮು ಇಳಿಯಿತೇ? ಇಂಗ್ಲಿಷರ ಪೋರ್ಟ್ಸ್‌ಮತ್‌ನಲ್ಲಿ ಆ ಕೊಳೆತ ಸೆರೆಹಡಗಿನ ಹೊಟ್ಟೆಯೊಳಗೆ ನಿಮ್ಮನ್ನು ಕೂಡಿಹಾಕಿ ಎರಡು ವರ್ಷವಾಗುತ್ತ ಬಂತು, ಚಳಿಗಾಲ ಮತ್ತೆ ಬಾಗಿಲಲ್ಲಿ ನಿಂತಿದೆ. ಈ ಪತ್ರದ ಜೊತೆ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಹೋದ ಸಲ ಕಳಿಸಿದ್ದನ್ನು ತಂಬಾಕಿಗೆ ಮಾರಿಕೊಂಡಿರಂತೆ. ನನಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ, ನಿಮ್ಮ ಜೊತೆಗಾರರ ಹೆಂಡತಿಯರ ಬಾಯಲ್ಲಿ ಯಾವ ಮಾತು ನಿಂತಿದೆ? ಇದನ್ನಾದರೂ ಕಾಲಿಗೆ ಹಾಕಿಕೊಳ್ಳಿ. ಇಲ್ಲಿ ಕಪ್ಪು ಗೋಧಿ ಚೆನ್ನಾಗಿ ಬಂದಿದೆ, ಕೆಂಪು ಹಸು ಕರು ಹಾಕಿದೆ, ಹೆಣ್ಣು. ನೋಡಿ, ಹೇಳಬೇಕಾದ್ದನ್ನು ಹೇಳಲಾರದೆ ಹಸುವಿನ ಕಥೆ ಹೇಳುತ್ತ ಕೂತಿದ್ದೇನೆ.

ಗ್ಲಾನೂಜ್ ಬಂದಿತ್ತು. ಹೌದು, ನಮ್ಮ ಗ್ಲಾನೂಜೇ. ನಿಮ್ಮಪ್ಪ ಹಸಿ ಓಕ್ ಮರ ಕೊಯ್ದು ಕಟ್ಟಿದ ಹಡಗು. "ಇನ್ನೊಂದು ಬೇಸಿಗೆ ಮರ ಒಣಗಲಿ ಸ್ವಾಮಿ" ಎಂದು ಮಾವ ಎಷ್ಟು ಬೇಡಿಕೊಂಡಿದ್ದರು, "ಚಕ್ರವರ್ತಿಗಳಿಗೆ ಹಡಗು ಬೇಕಯ್ಯ, ನಿನ್ನ ಬಿಸಿಲಿಗೆ ಅವರು ಕಾಯ್ತಾರಾ?" ಎಂದು ಆ ನೌಕಾಪಡೆಯ ಅಧಿಕಾರಿ ಎಷ್ಟು ಕೂಗಾಡಿದ್ದ! ದಾರಿ ತೋರಿಸುವವರಾಗಿ ನೀವು ಅದನ್ನು ಹತ್ತಿದಿರಿ, ಇಂಗ್ಲಿಷರು ಅದರ ಜೊತೆ ನಿಮ್ಮನ್ನೂ ಎಳೆದುಕೊಂಡು ಹೋದರು. ಈಗ ಅವರು ಅದರ ಒಳಗೆಲ್ಲ ಕಬ್ಬಿಣದ ಆಸರೆ ಕೊಟ್ಟು, ಹಸಿ ಮರ ಬಿರಿದಲ್ಲೆಲ್ಲ ಹೊಸ ಹಲಗೆ ಹೊಡೆದು, ದೊಡ್ಡ ಫಿರಂಗಿ ಏರಿಸಿ, ನಮ್ಮ ಕರಾವಳಿಯನ್ನೇ ಕಾಯಲು ಕಳಿಸಿದ್ದಾರೆ. ಹೆಸರನ್ನೂ ಬದಲಾಯಿಸಿಲ್ಲ, ಅದು ಅವರ ಪದ್ಧತಿಯಂತೆ. ಕಿತ್ತುಕೊಂಡದ್ದು ಎಲ್ಲರಿಗೂ ತಿಳಿದಿರಲಿ ಎಂಬ ಜಂಬ ಇರಬೇಕು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಮೊದಲು ಬಂದದ್ದು ಗಾಳಿಸುದ್ದಿ. ಮೀನುಗಾರರು ಯಾರೋ ಹೇಳಿದರು, ನಮ್ಮವರು ಗ್ಲಾನೂಜನ್ನು ಹೋರಾಡಿ ಬಿಡಿಸಿಕೊಂಡಿದ್ದಾರೆ, ಕೈದಿಗಳೂ ಬರುತ್ತಿದ್ದಾರೆ ಎಂದು. ಇದಾದ ಮೇಲಿನ ಗುರುವಾರ ಬೆಳಿಗ್ಗೆ ದಿಗಂತದಲ್ಲಿ ಹಾಯಿ ಕಾಣಿಸಿತು. ಮಾವ ಅಂಗಳದಲ್ಲಿ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದವರೇ ಮಗುವಿನ ಹಾಗೆ ಅತ್ತುಬಿಟ್ಟರು. "ಅದೇ ಕಣಮ್ಮ! ತೆನೆ ಹಿಡ್ಕೊಂಡಿರೋ ಹೆಣ್ಣಿನ ಬೊಂಬೆ ಮುಂದೆ ಕಾಣಿಸ್ತಿಲ್ವಾ? ಆ ಸೊಟ್ಟ ಕತ್ತು ನಾನೇ ಕೆತ್ತಿದ್ದು!" ನಮ್ಮ ಮೂರು ಬಣ್ಣದ ಬಾವುಟವೂ ಹಾರುತ್ತಿತ್ತು. ಇನ್ನೇನು ಬೇಕು? ಪಕ್ಕದ ಮನೆಯ ಬಾರ್ಬ್ ಕಾಲಿಗೆ ಮರದ ಚಪ್ಪಲಿಯನ್ನೂ ಸಿಕ್ಕಿಸದೆ ಓಡಿದಳು. ನಾವು ಹೆಂಗಸರೆಲ್ಲ ಚ್ಯಾಪಲ್ಲಿಗೆ ಹೋಗಿ ನೆಲ ಗುಡಿಸಿದೆವು. ಗಂಡಂದಿರ ದೋಣಿಗೆ ಒಳ್ಳೆಯ ಗಾಳಿ ಸಿಗಲೆಂದು ನಾವು ಯಾವಾಗಲೂ ಮಾಡುವ ಹಾಗೆ, ಆ ದೂಳನ್ನು ಬೊಗಸೆಯಲ್ಲಿ ಹೊತ್ತು ಸಮುದ್ರದ ಕಡೆಗೆ ಊದಿದೆವು. ನಾನೇ ಎಲ್ಲರಿಗಿಂತ ಹೆಚ್ಚು ಊದಿದೆ, ಗುಲ್ವೆನ್. ಗಾಳಿಯೂ ತಿರುಗಿತು. ಹಡಗು ನೆಟ್ಟಗೆ ನಮ್ಮ ಕಡೆಗೇ ಬಂತು.

ಬ್ರಿಯಕ್ ದೋಣಿ ನೂಕಿಕೊಂಡು ಹೊರಟ. ನೀವು ಹೋದ ಮೇಲೆ ಬರುವ ಹಡಗುಗಳಿಗೆಲ್ಲ ದಾರಿ ತೋರಿಸುವವನು ನಮ್ಮ ಮಗನೇ ಅಲ್ಲವೇ. ಹೊಸ ಟೊಪ್ಪಿಗೆ ಹಾಕಿಕೊಂಡಿದ್ದ. "ಅಮ್ಮಾ, ಅಪ್ಪನಿಗೆ ಸೈಡರ್ ತೆಗೆದಿಡು, ನೀನೇ ಕುಡಿದುಬಿಡಬೇಡ!" ಎಂದು ಕೂಗಿ ನಕ್ಕ. ಹಡಗಿನ ಏಣಿ ಹತ್ತಿದ, ಟೊಪ್ಪಿಗೆ ತೆಗೆದು ನಮಗೆ ಬೀಸಿದ. ಅವನು ಒಳಗೆ ಕಾಲಿಟ್ಟ ಮೇಲೆ ನಮ್ಮ ಬಾವುಟ ಇಳಿಯಿತು, ಇಂಗ್ಲಿಷರದು ಏರಿತು. ಹಡಗು ತಿರುಗಿ ಹೊರಟುಹೋಯಿತು. ಸಂಜೆ ಅವನ ದೋಣಿ ಒಂದೇ ತೇಲಿಕೊಂಡು ಬಂತು.

ಮಾವ ಅಂದಿನಿಂದ ಸಮುದ್ರದ ಕಡೆ ಮುಖ ಮಾಡಿಲ್ಲ. ಗಂಜಿ ಮುಂದಿಟ್ಟರೆ ಆರಿ ಹೋಗುವ ತನಕ ನೋಡುತ್ತಿರುತ್ತಾರೆ. "ಹಡಗಿನ ಮುಖ ನೋಡಿದೆ, ಒಳಗಿರೋರು ಯಾರು ಅಂತ ನೋಡ್ಲಿಲ್ಲ" ಎನ್ನುವುದೊಂದೇ ಮಾತು. ನಾನು ಅವರನ್ನು ಬೈಯಲಾರೆ, ಸಮಾಧಾನ ಮಾಡಲೂ ಆರೆ. ನನ್ನ ಎದೆಯಲ್ಲಿ ಏನೂ ಉಳಿದಿಲ್ಲ. ಪ್ರಾರ್ಥನೆಗೆ ಕೂತರೆ ಕೈಗೆ ಅಂಟಿದ ಆ ದೂಳೇ ನೆನಪಾಗುತ್ತದೆ.

ಹಿಡಿದವರನ್ನೆಲ್ಲ ಪೋರ್ಟ್ಸ್‌ಮತ್‌ಗೇ ಒಯ್ಯುತ್ತಾರಂತೆ. ದಯವಿಟ್ಟು ಪ್ರತಿ ಸೆರೆಹಡಗಿನಲ್ಲೂ ಕೇಳಿಸಿ, ಹೊಸ ಕೈದಿಗಳ ಮುಖ ನೋಡಿ. ಬ್ರಿಯಕ್‌ನ ಎಡ ಹುಬ್ಬಿನ ಮೇಲೆ ಗಾಯದ ಗುರುತಿದೆ, ನೀವು ಹೋದ ಮೇಲೆ ಆದದ್ದು. ಎಂಥ ತಾಯಿಯಾಗಿಬಿಟ್ಟೆ ನೋಡಿ, ಮಗ ಜೈಲಿನಲ್ಲಿ ಇರಲಪ್ಪ ದೇವರೇ ಎಂದು ಮೊಣಕಾಲೂರಿ ಬೇಡುತ್ತಿದ್ದೇನೆ.

ಮಾವನ ಆಶೀರ್ವಾದ ನಿಮಗಿದೆ, ಬಾಯಿಬಿಟ್ಟು ಹೇಳದಿದ್ದರೂ ಇದೆ. ಬಾರ್ಬ್ ಅಲ್ಲೇ ನಿಮ್ಮ ಜೊತೆಗಿರುವ ತನ್ನ ಗಂಡನಿಗೆ ನೆನಪು ಹೇಳಿದ್ದಾಳೆ. ನೀವು ಅಪ್ಪ ಮಗ ಇಬ್ಬರೂ ಒಂದೇ ಹಾಸಿನ ಮೇಲೆ ಬೆಚ್ಚಗೆ ಮಲಗಿದ್ದೀರಿ ಎಂದುಕೊಂಡು ದೀಪ ಆರಿಸುತ್ತೇನೆ.

ನಿಮ್ಮವಳೇ ಆದ
ಗಿಯ್ಮೆಟ್

ಇನ್ನೊಂದು ಮಾತು, ಮಂಗಳವಾರ: ಮೇಯರ್ ಈ ಪತ್ರ ಓದಿ ಮುದ್ರೆ ಒತ್ತಿ ಕೊಟ್ಟಾಯಿತು. ಇದನ್ನು ಅವರ ಕಣ್ಣಿಗೆ ಬೀಳದ ಹಾಗೆ ದಕ್ಕೆಯ ಮೇಲೆ ನಿಂತು ಬರೆಯುತ್ತಿದ್ದೇನೆ, ದೋಣಿಯವನು ಅವಸರ ಮಾಡುತ್ತಿದ್ದಾನೆ. ಇವತ್ತು ಬೆಳಿಗ್ಗೆ ಉಬ್ಬರದ ನೀರಿನಲ್ಲಿ ಗ್ಲಾನೂಜ್ ಮತ್ತೆ ಬಂತು. ಸನ್ಯಾಸಿ ಬಂಡೆಗಳ ನಡುವಿನ ಸಂದಿಯಿಂದ, ಒಂದು ಸಲವೂ ತಡವರಿಸದೆ, ನಮ್ಮ ಕೋಟೆಯ ಬೆನ್ನಿಗೇ ಬಂದು ಉಪ್ಪಿನ ದೋಣಿಗಳನ್ನು ಸುಟ್ಟುಹೋಯಿತು. ಬಾರ್ಬ್‌ಳ ತಮ್ಮ ಸತ್ತ. ಆ ದಾರಿ ಬಲ್ಲವರು ಇಬ್ಬರೇ, ನೀವು ಮತ್ತು ಬ್ರಿಯಕ್. ಇಂಗ್ಲಿಷರಿಗೆ ಅದನ್ನು ತೋರಿಸಲು ನೀವು ಒಪ್ಪಲಿಲ್ಲ, ಅದಕ್ಕೇ ಇನ್ನೂ ಸೆರೆಯಲ್ಲಿದ್ದೀರಿ. ಇಪ್ಪತ್ತರ ಹುಡುಗನನ್ನು ಏನು ಮಾಡಿ ಒಪ್ಪಿಸಿದರೋ. ಊರು ಇನ್ನೂ ಬಾಯಿಬಿಟ್ಟಿಲ್ಲ, ನನ್ನ ಮುಖ ನೋಡುತ್ತಿದೆ. ನಿಮ್ಮ ಉತ್ತರ ಬಂದರೆ ಮೇಯರ್ ಚರ್ಚಿನ ಬಾಗಿಲಲ್ಲಿ ಎಲ್ಲರಿಗೂ ಓದಿ ಹೇಳುತ್ತಾರೆ. "ಬ್ರಿಯಕ್ ನನ್ನ ಪಕ್ಕದಲ್ಲೇ ಇದ್ದಾನೆ, ಬಂದ ದಿನದಿಂದ ಇಲ್ಲೇ ಇದ್ದಾನೆ" ಎಂದು ಬರೆಯಿರಿ. ಇಲ್ಲದಿದ್ದರೂ ಹಾಗೆಯೇ ಬರೆಯಿರಿ.